ವಿಹಾರವೂ ಋಣವೂ

ಹಣವನ್ನು ತೆತ್ತು ಪಡೆದ ಸುಖಕ್ಕೆ ಆಮೇಲೆ ಋಣವೆಂಬುದು ಉಳಿಯುವುದೆ, ಇಲ್ಲವೆ ಎಂಬ ಪ್ರಶ್ನೆಯು ಈಚೆಗೆ ನನ್ನ ಮನಸ್ಸನ್ನು ಬಹುವಾಗಿ ಕಾಡಿತು. ಇದು ವಾದಕ್ಕೆಂದು ಎತ್ತಿಕೊಂಡ ಪ್ರಶ್ನೆಯಲ್ಲ. ನಮ್ಮ ನಡುಮನೆಯಲ್ಲಿಯೇ ಹುಟ್ಟಿದುದು. ಲಂಡನ್ನಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು, ಬರುವ ವಸಂತದಲ್ಲಿ ತನಗೆ ಹತ್ತು ದಿನಗಳ ರಜೆ ದೊರೆಯುವುದೆಂದೂ, ಅಟ್ಲಾಂಟಿಕ್ ಮಹಾಸಾಗರದ ಮದೀರಾ ಎಂಬ ಪರ್ವತದ್ವೀಪದಲ್ಲಿ ಅದನ್ನು ಕಳೆಯಲಿರುವೆನೆಂದೂ, ನಾವಿಬ್ಬರೂ ಜೊತೆಗೆ ಬರಬೇಕೆಂದೂ ಬರೆದನು. ಬರೆದುದಲ್ಲದೆ, ಯಾವ ದಿನ ಯಾವ ಶಿಖರ, ಯಾವ ಗಳಿಗೆಗೆ ಎಲ್ಲಿ ಊಟ ಎಂಬುದಾಗಿ ಒಂದು ಪಟ್ಟಿಯನ್ನೂ ಕಳುಹಿಸಿದನು. ಪಂಚಾಂಗ ಕಟ್ಟುವವರೂ ತಲೆದೂಗಬೇಕು, ಅಷ್ಟು ನಿಷ್ಕೃಷ್ಟವಾದ ಪಟ್ಟಿ!

ಕಾಶಿಯನ್ನೇ ಕಾಣದವನು ಮದೀರೆಗೆ ಹೋಗುವುದೆ ಎಂಬ ಸಂಕೋಚವು ಮೊದಲು ನನ್ನನ್ನು ತಡೆಯಿತು. ತೀರ್ಥಯಾತ್ರೆಗೆ ಹೊರಟವನು ತನಗಿಂತ ದೊಡ್ಡದೊಂದರ ಮುಂದೆ ತಲೆಬಾಗಲು ಹೋಗುತ್ತಾನೆ; ವಿಹಾರಕ್ಕೆ ಹೊರಟವನಾದರೋ ತನ್ನ ಕಣ್ಣಿಗೆ ಔತಣ ಬೇಡಲು ಹೋಗುತ್ತಾನೆ. ಹೀಗೆಂದು ನಿರಾಕರಣದ ಓಲೆಯನ್ನು ಬರೆಯಲು ಕುಳಿತೆನು. ಆದರೆ ನೋಡದ ಊರನ್ನು ಹಳಿಯುವ ಮೊದಲು ಅದರ ವೃತ್ತಾಂತವನ್ನಾದರೂ ತಿಳಿಯಬೇಕೆಂಬುದು ಮೇಷ್ಟರ ಹಳೆಯ ಅಭ್ಯಾಸ. ಆದಕಾರಣ ಪುಸ್ತಕಗಳನ್ನು ತೆರೆದೆನು.

ಮದೀರಾ ಪೋರ್ತುಗಲ್ ದೇಶಕ್ಕೆ ಸೇರಿದ ದ್ವೀಪ. ವಿಸ್ತಾರ ಸುಮಾರು 740 ಚದರ ಕಿಲೋಮೀಟರು. ಅಗ್ನಿಪರ್ವತದಿಂದ ಸಮುದ್ರದ ನಡುವೆ ಎದ್ದ ನೆಲ. ಅತ್ಯುನ್ನತವಾದ ಪಿಕೊ ರುಯಿವೊ ಶಿಖರದ ಎತ್ತರ 1862 ಮೀಟರು. 1419ರಲ್ಲಿ ಪೋರ್ತುಗೀಸ್ ನಾವಿಕರು ಇಲ್ಲಿ ಇಳಿದಾಗ ಮನುಷ್ಯವಾಸವಿರಲಿಲ್ಲ. ಎಲ್ಲೆಲ್ಲಿಯೂ ದಟ್ಟವಾದ ಕಾಡು. ಮದೀರಾ ಎಂದರೆ ಅವರ ಭಾಷೆಯಲ್ಲಿ ಮರ ಎಂದೇ ಅರ್ಥ. ಮರದ ಹೆಸರನ್ನಿಟ್ಟ ಕೈಯೇ ಬೇಸಾಯಕ್ಕಾಗಿ ಮರಕ್ಕೆ ಬೆಂಕಿಯನ್ನೂ ಇಟ್ಟಿತು. ಆ ಬೆಂಕಿ ಏಳು ವರ್ಷ ಉರಿಯಿತೆಂದು ಅಲ್ಲಿಯ ಐತಿಹ್ಯ. ಲೆಕ್ಕ ಹೇಗೇ ಇರಲಿ, ಕಾಡು ಬಹುವಾಗಿ ಅಳಿದುದು ಸತ್ಯ. ಉತ್ತರದ ಇಳಿಜಾರುಗಳಲ್ಲಿ ಉಳಿದ ಸುಮಾರು 15,000 ಹೆಕ್ಟೇರು ಪುರಾತನವನವನ್ನು 1999ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈ ವನದ ಮಹಿಮೆ ನೀರಿನಲ್ಲಿದೆ. ಸಮುದ್ರದ ಮೇಲಿಂದ ಬರುವ ಮಂಜನ್ನು ಅದರ ಎಲೆಗಳು ಹಿಡಿದು ಹನಿಹನಿಯಾಗಿ ನೆಲಕ್ಕೆ ಇಳಿಸುತ್ತವೆ. ಉತ್ತರಕ್ಕೆ ನೀರು ಹೇರಳ. ದಕ್ಷಿಣಕ್ಕೆ ಬಿಸಿಲು ಹೇರಳ, ನೀರು ವಿರಳ. ಇವೆರಡನ್ನೂ ಕೂಡಿಸುವುದಕ್ಕಾಗಿ ಬಂಡೆಗಳನ್ನು ಕಡಿದು ಮಾಡಿದ ಸಣ್ಣ ಕಾಲುವೆಗಳಿಗೆ ಲೆವಾಡಗಳೆಂದು ಹೆಸರು. ಅವುಗಳ ಒಟ್ಟು ಉದ್ದ ಸಾವಿರ ಕಿಲೋಮೀಟರನ್ನು ಎಷ್ಟೋ ಮೀರಿದೆ. ನೀರನ್ನು ಹೊತ್ತಿನ ಪ್ರಕಾರ ಹೊಲಹೊಲಕ್ಕೂ ಸರದಿಯಿಂದ ಬಿಡುವ ಕೆಲಸಗಾರನೂ ಅಲ್ಲಿ ಉಂಟು. ಇವನು ನಮ್ಮ ಕೆರೆಗಳ ನೀರಗಂಟಿಯಲ್ಲದೆ ಮತ್ತಾರು? ಆ ಕಾಲುವೆಗಳ ಅಂಚಿನಲ್ಲಿ, ಅವನು ಓಡಾಡಲೆಂದು ಬಿಟ್ಟ ಕಿರಿದಾದ ದಾರಿಯೇ ಇಂದು ಲೋಕದ ವಿಹಾರಿಗಳೆಲ್ಲ ನಡೆದು ಹಿಗ್ಗುವ ದಾರಿ. ಮಗನ ಪಟ್ಟಿಯಲ್ಲಿಯೂ ಹತ್ತು ದಿನಗಳಲ್ಲಿ ನಾಲ್ಕು ಅದಕ್ಕೇ ಮೀಸಲು.

ನನ್ನ ಓದು ಇಲ್ಲಿ ತಡೆಯಿತು. ಮೊದಲ ಶತಮಾನಗಳಲ್ಲಿ ಈ ಬಂಡೆಗಳನ್ನು ಕಡಿದವರಲ್ಲಿ ಆಫ್ರಿಕದಿಂದಲೂ ಕನೇರಿ ದ್ವೀಪಗಳಿಂದಲೂ ಹಿಡಿದು ತಂದ ದಾಸರು ಇದ್ದರು. ಅವರು ನೀರು ತಂದುದು ಒಡೆಯರ ಕಬ್ಬಿನ ತೋಟಗಳಿಗೆ. ಸಕ್ಕರೆಯ ಸಂಪತ್ತು ಯೂರೋಪಿಗೆ ಹೋಯಿತು. ಕಡಿದವರ ಹೆಸರು ಯಾವ ಶಿಲೆಯ ಮೇಲೂ ಉಳಿಯಲಿಲ್ಲ. ಮುಂದೆ 19ನೆಯ ಶತಮಾನದಲ್ಲಿ ಯೂರೋಪಿನ ಶ್ವಾಸರೋಗಿಗಳು ಹವೆಗಾಗಿ ಈ ದ್ವೀಪಕ್ಕೆ ಬರುತ್ತಿದ್ದ ಕಾಲದಲ್ಲಿಯೇ, ದ್ವೀಪದ ಬಡಮಕ್ಕಳು ಅನ್ನಕ್ಕಾಗಿ ಅದನ್ನು ಬಿಟ್ಟು ಹೋಗುತ್ತಿದ್ದರು. 1835ರಲ್ಲಿ ಅವರ ಮೊದಲ ತಂಡ ಬ್ರಿಟಿಷ್ ಗಯಾನದ ಕಬ್ಬಿನ ತೋಟಗಳಿಗೆ ಕೂಲಿಗಾಗಿ ಹೋಯಿತು. ಮೂರು ವರ್ಷಗಳ ಮೇಲೆ, 1838ರಲ್ಲಿ, ಭಾರತದ ಕೂಲಿಗಳ ಮೊದಲ ಹಡಗುಗಳು ಅದೇ ಗಯಾನದ ದಡವನ್ನು ಮುಟ್ಟಿದವು. ಒಬ್ಬನಿಗೆ ವಿಹಾರಸ್ಥಾನವಾದುದು ಮತ್ತೊಬ್ಬನಿಗೆ ಬಿಟ್ಟೋಡಬೇಕಾದ ಮನೆ. ಆಸ್ಟ್ರಿಯದ ಕಡೆಯ ಚಕ್ರವರ್ತಿ ಚಾರ್ಲ್ಸನಿಗಂತೂ ಅದೇ ದ್ವೀಪ ಸೆರೆಮನೆಯಾಯಿತು; ರಾಜ್ಯಭ್ರಷ್ಟನಾಗಿ 1921ರಲ್ಲಿ ಬಂದವನು 1922ರ ಏಪ್ರಿಲ್ 1ರಂದು ಫುಂಶಾಲ್ ನಗರದ ಮೇಲಣ ಬೆಟ್ಟದ ಮನೆಯಲ್ಲಿ ಶ್ವಾಸಕೋಶದ ಜ್ವರದಿಂದ ತೀರಿಕೊಂಡನು. ಸುಖವು ಸ್ಥಳದಲ್ಲಿಲ್ಲವೆಂಬುದಕ್ಕೆ ಬೇರೆ ನಿದರ್ಶನವೇಕೆ?

ಇಲ್ಲಿ ಪೂರ್ವಪಕ್ಷಿಯು ಹೇಳಬಹುದು: "ಸ್ವಾಮಿ, ವಿಮಾನಕ್ಕೆ ಹಣ ಕೊಡುತ್ತೀರಿ, ವಸತಿಗೆ ಕೊಡುತ್ತೀರಿ, ಕಾಲುವೆಯ ದಾರಿಯಲ್ಲಿ ನಡೆಯುವುದಕ್ಕೂ ಈಚೆಗೆ ಹೊರಗಿನವರಿಂದ ಶುಲ್ಕ ತೆಗೆದುಕೊಳ್ಳುತ್ತಾರೆ. ಕೊಟ್ಟಾಯಿತು, ಕೊಂಡಾಯಿತು. ಇನ್ನು ಸತ್ತು ಐದು ಶತಮಾನವಾದವರ ಋಣವನ್ನು ಹೊತ್ತು ತಿರುಗುವುದು ವ್ಯರ್ಥವಾದ ಕೊರಗಲ್ಲವೆ?"

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕೊರಗಿನಿಂದ ಸತ್ತವರಿಗೆ ಲಾಭವಿಲ್ಲ. ಆದರೆ ಹಣವು ತೀರಿಸುವುದು ಬೆಲೆಯನ್ನು, ಋಣವನ್ನಲ್ಲ. ಬೆಲೆಗೆ ಕೇಳುವವನೊಬ್ಬನು ಎದುರಿಗಿರಬೇಕು. ಮಂಜನ್ನು ಹಿಡಿದು ಕೊಟ್ಟ ಮರವು ರಸೀತಿ ಬರೆಯುವುದಿಲ್ಲ. ಬಂಡೆಯನ್ನು ಕಡಿದ ಕೈ ಕೂಲಿ ಕೇಳಲು ಬರುವುದಿಲ್ಲ. ಕೇಳುವವರಿಲ್ಲದುದರಿಂದಲೇ ಅದು ಋಣವಾಗಿ ಉಳಿಯುತ್ತದೆ. ದೇವಋಣ, ಋಷಿಋಣ, ಪಿತೃಋಣಗಳ ಜೊತೆಗೆ ಶತಪಥಬ್ರಾಹ್ಮಣವು ಮನುಷ್ಯಋಣವೆಂಬ ನಾಲ್ಕನೆಯದನ್ನೂ ಎಣಿಸಿದೆ. ಅತಿಥಿಸತ್ಕಾರದಿಂದ ಅದರ ವಿಮೋಚನೆಯೆಂದು ಅದರ ಅಭಿಪ್ರಾಯ. ಆತಿಥೇಯನ ಧರ್ಮವನ್ನು ನಮ್ಮವರು ವಿಸ್ತಾರವಾಗಿ ಹೇಳಿದರು. ಹಣ ಕೊಟ್ಟು ಬಂದ ಅತಿಥಿಯ ಧರ್ಮವನ್ನು ಮಾತ್ರ ನಾವೇ ಯೋಚಿಸಿ ಕಂಡುಕೊಳ್ಳಬೇಕಾಗಿದೆ.

ದಾರಿ ಇಲ್ಲದಿಲ್ಲ. ಋಷಿಗಳಿಗೆ ನಾವು ಏನನ್ನು ಹಿಂದಿರುಗಿಸಬಲ್ಲೆವು? ಅವರು ಕಂಡುದನ್ನು ಅಧ್ಯಯನ ಮಾಡುವುದೇ ಆ ಋಣದ ತೀರುವಳಿ. ಪಿತೃಗಳ ಋಣವೂ ಮುಂದಿನ ಸಂತತಿಯ ಕಡೆಗೆ ಹರಿದೇ ತೀರುತ್ತದೆ. ಹಾಗೆಯೇ ಕಾಲುವೆ ಕಡಿದವನ ಋಣಕ್ಕೆ, ಅವನು ಯಾರೆಂದು ತಿಳಿದು ನಡೆಯುವುದು ಮೊದಲ ಕಂತು; ಮುಂದೆ ಬರುವವರಿಗಾಗಿ ಆ ದಾರಿಯನ್ನೂ ಕಾಡನ್ನೂ ಕೆಡಿಸದೆ ಬಿಡುವುದು ಎರಡನೆಯದು; ನಮ್ಮ ಊರಿನ ನೀರಗಂಟಿಯನ್ನು ಹಿಂದಿರುಗಿ ಬಂದಮೇಲೆ ಬೇರೆ ಕಣ್ಣಿನಿಂದ ನೋಡುವುದು ಮೂರನೆಯದು. ಇಷ್ಟು ಕೂಡಿದರೆ ವಿಹಾರವು ತೀರ್ಥಯಾತ್ರೆಗಿಂತ ಬಹಳ ದೂರ ಉಳಿಯದು. ಇದಿಲ್ಲದಿದ್ದರೆ ಕಾಶಿಗೆ ಹೋದವನೂ ಬರಿಯ ವಿಹಾರಿಯೇ ಸರಿ.

ಪಟ್ಟಿಯ ವಿಷಯವಾಗಿ ಒಂದು ಮಾತು. 1964ರಲ್ಲಿ ತೆರೆದ ಆ ದ್ವೀಪದ ವಿಮಾನನಿಲ್ದಾಣದ ಓಡುದಾರಿ ಸಾಲದೆ, 2000ದಲ್ಲಿ ಕಡಲಂಚಿನಲ್ಲಿ ಭಾರಿ ಕಂಬಗಳನ್ನು ನಿಲ್ಲಿಸಿ ಅದನ್ನು ಬೆಳೆಸಿದರು. ಆದರೂ ಗಾಳಿ ಎದ್ದ ದಿನ ವಿಮಾನಗಳು ಇಳಿಯಲಾರದೆ ಬೇರೆಡೆಗೆ ತಿರುಗುತ್ತವೆ. 2010ರ ಫೆಬ್ರವರಿ 20ರ ಮಹಾಮಳೆಯಲ್ಲಿ ಬೆಟ್ಟದ ಹಳ್ಳಗಳು ಉಕ್ಕಿ ನಲವತ್ತಕ್ಕೂ ಹೆಚ್ಚು ಜನ ಮಡಿದರು. ಇಂತಹ ನೆಲದಲ್ಲಿ ಸಂಕಲ್ಪ ನಮ್ಮದು, ಗಾಳಿ ನಮ್ಮದಲ್ಲ. ಬಿಡುವೇ ಇಲ್ಲದ ಪಟ್ಟಿಯು ಆ ಸ್ಥಳದ ಇಚ್ಛೆಗೆ ಜಾಗ ಕೊಡದ ಪಟ್ಟಿ.

ಇಷ್ಟು ತರ್ಕಿಸಿಯೂ ಓಲೆ ಮುಗಿಯಲಿಲ್ಲ. ಕಾರಣವನ್ನು ಹೇಳಿಬಿಡುತ್ತೇನೆ. ನಲವತ್ತು ವರ್ಷಗಳ ಹಿಂದೆ ನನ್ನ ತೀರ್ಥರೂಪರು, "ಒಮ್ಮೆ ಸಮುದ್ರ ನೋಡಬೇಕಪ್ಪಾ, ಗೋಕರ್ಣಕ್ಕೆ ಕರೆದುಕೊಂಡು ಹೋಗುತ್ತೀಯಾ?" ಎಂದು ಕೇಳಿದ್ದರು. ಪರೀಕ್ಷೆಯ ಕಾಗದಗಳನ್ನು ತೋರಿಸಿ, ಮುಂದಿನ ವರ್ಷ ನೋಡೋಣ ಎಂದೆನು. ಅದನ್ನು ಕರ್ತವ್ಯನಿಷ್ಠೆಯೆಂದೇ ಭಾವಿಸಿದ್ದೆನು. ಮುಂದಿನ ವರ್ಷ ಅವರು ಇರಲಿಲ್ಲ. ಈಗ ನನ್ನ ಮಗನು ತನ್ನ ಋಣವನ್ನು ತೀರಿಸಲು ಬಾಗಿಲಿಗೆ ಬಂದಿರುವಾಗ, ವೈರಾಗ್ಯದ ಹೆಸರಿನಲ್ಲಿ ಅಗುಳಿ ಹಾಕುವ ಅಧಿಕಾರ ನನಗುಂಟೆ? ಕೊಡದಿರುವುದು ಹೇಗೆ ದೋಷವೋ, ಪ್ರೀತಿಯಿಂದ ಕೊಟ್ಟುದನ್ನು ಸ್ವೀಕರಿಸದಿರುವುದೂ ಹಾಗೆಯೇ ದೋಷವಲ್ಲವೆ?

ನಾನು ಹೀಗೆ ಕುಳಿತಿರುವುದನ್ನು ಕಂಡು ನನ್ನ ಮನೆಯವರು, "ಕಾಶಿ ಎಲ್ಲಿಗೂ ಹೋಗುವುದಿಲ್ಲ ಅಂದರೆ; ಮಗನ ರಜೆ ಮುಗಿದುಹೋಗುತ್ತದೆ" ಎಂದರು. ನನ್ನ ವ್ಯಾಕರಣವೂ ನ್ಯಾಯವೂ ತಲುಪದ ಸಿದ್ಧಾಂತವನ್ನು ಅವರು ಎರಡು ವಾಕ್ಯಗಳಲ್ಲಿ ಮುಗಿಸಿದರು.

ಬರುವೆವೆಂದು ಬರೆದಿದ್ದೇನೆ. ಎರಡು ಬೇಡಿಕೆಗಳನ್ನು ಮಾತ್ರ ಸೇರಿಸಿದೆನು: ಪಟ್ಟಿಯಲ್ಲಿ ಒಂದು ದಿನವನ್ನು ಖಾಲಿ ಬಿಡಬೇಕು, ಕಾಲುವೆಯ ದಾರಿಯಲ್ಲಿ ನಡೆಯುವ ಶುಲ್ಕವನ್ನು ನನ್ನ ಪಿಂಚಣಿಯಿಂದಲೇ ಕೊಡಬೇಕು. ಋಣ ಅದರಿಂದ ತೀರದೆಂದು ಬಲ್ಲೆನು. ಬೆಲೆಯಾದರೂ ನನ್ನದಾಗಿರಲಿ.