ಬಲ್ಲವರ ಋಣ

ಆಸ್ಪತ್ರೆಗೆ ನಡೆದುಕೊಂಡು ಹೋದ ಹೆಂಗಸು ಹೆಣವಾಗಿ ಹಟ್ಟಿಗೆ ಬಂದರೆ ನಮ್ಮ ಜನ ಮೊದಲು ಅನ್ನುವ ಮಾತು ‘ಅವಳ ಹಣೇಲಿ ಬರೆದಿತ್ತು’. ಓದಿದ ಹುಡುಗನೊಬ್ಬ ‘ಇಲ್ಲ, ಕೇಳೋಣ’ ಅಂತ ಎದ್ದು ನಿಂತರೆ ಪೊಲೀಸರು, ವಕೀಲರು, ಕೋರ್ಟು ಎಲ್ಲರೂ ಕೇಳುವುದು ಒಂದೇ: ‘ತಪ್ಪಾಗಿದೆ ಅಂತ ಯಾವ ಡಾಕ್ಟರು ಹೇಳ್ತಾರೆ?’ ಡಾಕ್ಟರ ತಪ್ಪಿಗೆ ಡಾಕ್ಟರೇ ಸಾಕ್ಷಿ. ಇದು ನ್ಯಾಯವೋ, ಒಳಗಿನವರ ಒಪ್ಪಂದವೋ? ಸಿಟ್ಟನ್ನು ಬದಿಗಿಟ್ಟು ನಾವು ಕೇಳಬೇಕಾದ ಪ್ರಶ್ನೆ ಇದು.

ಮೊದಲು ಡಾಕ್ಟರ ಕಡೆಯ ಮಾತು. ರೋಗಿ ಸತ್ತ ಮಾತ್ರಕ್ಕೆ ಡಾಕ್ಟರೇ ಕೊಂದರು ಅಂತಲ್ಲ. ರಕ್ತವಿಲ್ಲದ, ಅರಿವಳಿಕೆ ಕೊಡುವವರಿಲ್ಲದ ಆಸ್ಪತ್ರೆಯಲ್ಲಿ ಒಬ್ಬರೇ ದುಡಿಯುವವರನ್ನು ಜೈಲಿಗಟ್ಟಿದರೆ ನಾಳೆ ನಮ್ಮ ಹೆಣ್ಣುಮಕ್ಕಳ ಹೆರಿಗೆಗೆ ಯಾರು ಬರುತ್ತಾರೆ? ಅದಕ್ಕೇ 2005ರಲ್ಲಿ, ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಒಂದು ಕಟ್ಟು ಹಾಕಿತು: ಡಾಕ್ಟರ ಮೇಲೆ ಕ್ರಿಮಿನಲ್ ಕ್ರಮಕ್ಕೆ ಮುಂಚೆ ಆ ವಿಷಯ ಬಲ್ಲ ಸ್ವತಂತ್ರ ವೈದ್ಯರ, ಅದರಲ್ಲೂ ಸರ್ಕಾರಿ ವೈದ್ಯರ, ಅಭಿಪ್ರಾಯ ಪಡೆಯಬೇಕು. ಇದರ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಆ ಅಭಿಪ್ರಾಯ ಕೊಡುವವರು ಯಾರು? ಎಷ್ಟೋ ಸಲ ಅದೇ ಜಿಲ್ಲೆಯವರು, ಅದೇ ಕಾಲೇಜಿನಲ್ಲಿ ಓದಿದವರು, ನಾಳೆ ಮತ್ತೆ ಮುಖ ನೋಡಬೇಕಾದವರು. ಅಳೆಯುವ ಕೋಲು ಕೂಡ ಅವರ ಕೈಯಲ್ಲೇ. 1957ರಲ್ಲಿ ಇಂಗ್ಲೆಂಡಿನ ಬೋಲಮ್ ಮೊಕದ್ದಮೆಯಲ್ಲಿ ಹುಟ್ಟಿದ ಸೂತ್ರ ನಮ್ಮ ಕೋರ್ಟುಗಳಲ್ಲೂ ನಡೆಯುತ್ತದೆ: ಜವಾಬ್ದಾರಿಯುತ ವೈದ್ಯರ ಒಂದು ಗುಂಪು ಸರಿ ಅಂತ ಒಪ್ಪುವ ರೀತಿಯಲ್ಲಿ ನಡೆದಿದ್ದರೆ ಅದು ನಿರ್ಲಕ್ಷ್ಯವಲ್ಲ. ಆ ಒಪ್ಪಿಗೆಗೂ ತರ್ಕದ ಬುಡ ಇರಬೇಕು ಅಂತ ಅಲ್ಲಿನ ನ್ಯಾಯಾಧೀಶರು ಬಿಡಿಸಿ ಹೇಳಲು 1997 ಬರಬೇಕಾಯಿತು.

ಎಲ್ಲಕ್ಕೂ ತಜ್ಞರು ಬೇಕೇ? 1963ರಲ್ಲಿ ಆಗಿನ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿಗೆ ಸಂತಾನಹರಣ ಆಪರೇಷನ್ ಮಾಡಿದರು. ನೋವು, ಜ್ವರ. ಮತ್ತೆ ಹೊಟ್ಟೆ ತೆರೆದರೆ ಒಳಗೆ ಬಟ್ಟೆ, ಕೀವು. ಆಕೆ ಸತ್ತಳು. ಕೆಳಗಿನ ಕೋರ್ಟು ಕೊಡಿಸಿದ 36,000 ರೂಪಾಯಿ ಪರಿಹಾರವನ್ನು ಹೈಕೋರ್ಟು ತಳ್ಳಿಹಾಕಿತು. ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದದ್ದು 1996ರಲ್ಲಿ. ಹೊಟ್ಟೆಯೊಳಗಿನ ಬಟ್ಟೆ ತಾನೇ ಸಾಕ್ಷಿ ಹೇಳುತ್ತಿತ್ತು, ಕೇಳಿಸಿಕೊಳ್ಳಲು 33 ವರ್ಷ! ಗ್ರಾಹಕರ ಎಲ್ಲ ದೂರಿಗೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಅಂತ ಅದೇ ಕೋರ್ಟು 2010ರಲ್ಲಿ ಹೇಳಿದೆ. ಆದರೆ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡುವ ಆಸ್ಪತ್ರೆಯ ರೋಗಿ ಗ್ರಾಹಕನೇ ಅಲ್ಲ ಅನ್ನೋದು 1995ರ ತೀರ್ಪು. ಅಂದರೆ ದುಡ್ಡು ಕೊಟ್ಟವನಿಗೆ ಹತ್ತಿರದ ಬಾಗಿಲು, ಕೂಲಿಯವನಿಗೆ ದೂರದ ದಾರಿ.

ಈಗ ಮೂಲ ಪ್ರಶ್ನೆ. ಬಲ್ಲವನು ಯಾರಿಗೆ ಋಣಿ? ಜೊತೆಗಾರನಿಗೋ, ಸತ್ತವಳಿಗೋ? ವಾರಸುದಾರರಿಲ್ಲದ ಹೆಣಗಳನ್ನು ಮೆಡಿಕಲ್ ಕಾಲೇಜುಗಳಿಗೆ ಒಪ್ಪಿಸುವುದಕ್ಕೆ ನಮ್ಮ ರಾಜ್ಯದಲ್ಲಿ 1957ರ ಕಾಯ್ದೆಯೇ ಇದೆ. ವಾರಸುದಾರರಿಲ್ಲದೆ ಸಾಯುವವರು ಯಾರು? ಸಾಹುಕಾರರಲ್ಲ. ಎಳೆಯ ಡಾಕ್ಟರು ಸೂಜಿ ಚುಚ್ಚಲು, ಹೊಲಿಗೆ ಹಾಕಲು ಕೈ ಪಳಗಿಸಿಕೊಳ್ಳುವುದು ಪುಕ್ಕಟೆ ವಾರ್ಡಿನಲ್ಲಿ. ಆ ವಿದ್ಯೆ ಯಾರಪ್ಪನ ಆಸ್ತಿಯೂ ಅಲ್ಲ. ಬಡವರ ಮೈಮೇಲೆ ಕಲಿತದ್ದು. ಬಡವರ ಸಾವಿನ ಕಾರಣ ಹೇಳುವಾಗ ಅದು ಬಾಯಿ ಮುಚ್ಚಿಕೊಂಡರೆ ಋಣ ತೀರಿಸದೆ ಓಡಿಹೋದಂತೆ.

ನಮ್ಮ ಪರವಾಗಿಯೇ ಹೇಳಿ ಅಂತ ನಾವು ಕೇಳುತ್ತಿಲ್ಲ. ‘ಇಲ್ಲಿ ತಪ್ಪಿಲ್ಲ’ ಅಂತ ನಿಜವಾಗಿ ಕಂಡರೆ ಹಾಗೇ ಹೇಳಲಿ. ಆದರೆ ಯಾಕೆ ಅಂತ ಹೇಳಲಿ, ಸತ್ತವಳ ಗಂಡನಿಗೆ ತಿಳಿಯುವ ಕನ್ನಡದಲ್ಲಿ ಹೇಳಲಿ. ತಜ್ಞರ ಮಾತು ಬರೀ ಅಭಿಪ್ರಾಯ. ತೀರ್ಪು ಕೊಡಬೇಕಾದವರು ನ್ಯಾಯಾಧೀಶರು. ಕಾರಣವಿಲ್ಲದ ಅಭಿಪ್ರಾಯ ಮಂತ್ರವಿದ್ದಂತೆ, ಅರ್ಥ ಕೇಳಬಾರದು. ಅರ್ಥ ಕೇಳಬಾರದ ಮಂತ್ರಗಳ ಕೆಳಗೆ ನಾವು ಎಷ್ಟು ಕಾಲ ಬದುಕಿದ್ದೇವೆ ಅನ್ನೋದು ನಮಗೆ ಗೊತ್ತು.

ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿ ಗೆಳೆಯರು ಒಂದು ಕೆಲಸ ಮಾಡಬಹುದು. ರೋಗಿಯ ಕಡೆಯವರು ಕೇಳಿದ 72 ಗಂಟೆಯೊಳಗೆ ಚಿಕಿತ್ಸೆಯ ದಾಖಲೆ ಕೊಡಬೇಕು ಅಂತ 2002ರ ವೈದ್ಯರ ನೀತಿ ನಿಯಮ ಹೇಳುತ್ತದೆ. ಹಟ್ಟಿಯಲ್ಲಿ ಸಾವಾದಾಗ ಹೆಗಲು ಕೊಡುವ ಜೊತೆಗೆ ಆ ಅರ್ಜಿಯನ್ನೂ ಬರೆದುಕೊಡೋಣ.