ಬೇವರ್ಸಿಯ ವಾರಸುದಾರರು

ನಮ್ಮ ಕೊರಟಗೆರೆ ಕಡೆ ಯಾರನ್ನಾದರೂ ‘ಬೇವರ್ಸಿ’ ಎಂದರೆ ಜಗಳ ಖಂಡಿತ. ಪಾರ್ಸಿಯ ‘ಬೇ’, ಅರಬ್ಬಿಯ ‘ವಾರಿಸ್’ ಕೂಡಿ ಆದ ಪದ. ವಾರಸುದಾರರಿಲ್ಲದ್ದು ಎಂದಷ್ಟೇ ಮೂಲ ಅರ್ಥ. ಆ ಬೈಗುಳವನ್ನೇ ಒಡೆದು ‘ಬೇವರ್ ಸೀ’ ಎಂದು ಹೆಸರಿಟ್ಟುಕೊಂಡ ಮೆಟಲ್ ತಂಡವೊಂದು ಬೆಂಗಳೂರಿನಲ್ಲಿದೆ. 2012ರಲ್ಲಿ ಅವರ ಮೊದಲ ಆಲ್ಬಂ, 2015ರಲ್ಲಿ ಎರಡನೆಯದು. ಕೆಸರಿನಲ್ಲಿ ಕಾಲೆಳೆದು ನಡೆದಂತೆ ನಿಧಾನವಾದ, ಭಾರವಾದ ಗಿಟಾರ್. ಸಿನಿಮಾ ಹಾಡಿನ ನಾಡಿನಲ್ಲಿ ಇದಕ್ಕೆ ಕಿವಿಗೊಡುವವರು ಕಡಿಮೆ.

ಹಣವೂ ಹೆಸರೂ ಹೆಚ್ಚು ಬಾರದ ಕೆಲಸದಲ್ಲಿ ವರ್ಷಗಟ್ಟಲೆ ಉಳಿಯುವುದು ನಿಷ್ಠೆಯೋ, ಬರೀ ಹಟವೋ?

ಈ ಕೆಸರಿನ ಸಂಗೀತಕ್ಕೆ, ಅಂದರೆ ಸ್ಲಡ್ಜ್ ಮೆಟಲ್‌ಗೆ, ದಾರಿ ಮಾಡಿಕೊಟ್ಟ ಅಮೆರಿಕದ ಮೆಲ್ವಿನ್ಸ್ ತಂಡವನ್ನು ನೋಡಿ. 1983ರಲ್ಲಿ ವಾಷಿಂಗ್ಟನ್ ರಾಜ್ಯದ ಸಣ್ಣ ಊರೊಂದರಲ್ಲಿ ಹುಟ್ಟಿದ ತಂಡ ನಲವತ್ತು ವರ್ಷ ದಾಟಿದರೂ ನುಡಿಸುತ್ತಿದೆ. ಅದೇ ಸೀಮೆಯ ಹುಡುಗ ಕರ್ಟ್ ಕೋಬೇನ್ ಅವರ ಅಭ್ಯಾಸ ಕೇಳಲು ಹೋಗುತ್ತಿದ್ದ. 1991ರಲ್ಲಿ ಅವನ ನಿರ್ವಾಣ ತಂಡ ಲೋಕವನ್ನೇ ಗೆದ್ದಿತು. ಮೆಲ್ವಿನ್ಸ್‌ಗೆ ಅಂಥ ಯಶಸ್ಸು ಎಂದೂ ಬರಲಿಲ್ಲ. ಹಾಗೆಂದು ಅವರು ಸೋತರೆ?

ಆಸ್ತಿಯ ವಿಷಯದಲ್ಲಿ ಕೊಡುವವನು ವಾರಸುದಾರನನ್ನು ಹೆಸರಿಸುತ್ತಾನೆ. ಕಲೆಯಲ್ಲಿ ಪಡೆಯುವವನೇ ತನ್ನ ಹಿರಿಯನನ್ನು ಆರಿಸಿಕೊಳ್ಳುತ್ತಾನೆ. ಬೆಂಗಳೂರಿನ ಈ ಹುಡುಗರಿಗೆ ಯಾರೂ ಉಯಿಲು ಬರೆದಿಡಲಿಲ್ಲ. ದೂರದ ಸದ್ದು ಕೇಳಿದರು, ತಮ್ಮದೆಂದುಕೊಂಡರು. ನಾಳೆ ಇವರದನ್ನು ಯಾರು ಕೇಳಿಯಾರು ಎಂಬುದು ಇವರ ಕೈಯಲ್ಲಿಲ್ಲ. ಯಾರೂ ಬಾರದೆಯೂ ಹೋಗಬಹುದು. ಆದರೆ ಬಂದವನಿಗೆ ಕೇಳಿಸಬೇಕಾದರೆ, ಆ ಹೊತ್ತಿಗೆ ಯಾರಾದರೂ ನುಡಿಸುತ್ತಿರಲೇಬೇಕಲ್ಲ.