ಇಂದಿನ ಧಮ್ಮ ಚಿಂತನೆ: ಬಂಡಿಯ ಮೇಲಿನ ಹೆಸರು



1914ರಿಂದ ಸುಮಾರು ಹತ್ತು ವರ್ಷ ಅಮೆರಿಕದ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಲಕ್ಷಾಂತರ ಕಾರು, ಎಲ್ಲವೂ ಒಂದೇ ಥರ. 2018ರಲ್ಲಿ ಬಿಎಂಡಬ್ಲ್ಯು ಬಳಗದ ಮಿನಿ ಕಾರಿನವರು ಹೊಸ ಏರ್ಪಾಡು ತಂದರು. ಗ್ರಾಹಕರು ಅಂತರ್ಜಾಲದಲ್ಲಿ ತಮ್ಮ ಹೆಸರು, ವಿನ್ಯಾಸ, ಬಣ್ಣ ಆರಿಸಿದರೆ ಡ್ಯಾಶ್‌ಬೋರ್ಡಿನ ಪಟ್ಟಿ, ಬಾಗಿಲ ಹೊಸ್ತಿಲ ಪಟ್ಟಿ ಮುಂತಾದವು ಅದೇ ರೀತಿ ತಯಾರಾಗಿ ಬರುತ್ತಿದ್ದವು. ತ್ರೀಡಿ ಪ್ರಿಂಟರಿಗೆ ಬೇರೆ ಬೇರೆ ಅಚ್ಚು ಬೇಕಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ಬದಲಾಯಿಸಿದರೆ ಸಾಕು, ಪದರದ ಮೇಲೆ ಪದರವಿಟ್ಟು ಹೊಸ ಭಾಗ ಕಟ್ಟುತ್ತದೆ. ಹಾಗಾಗಿ ಒಬ್ಬರಿಗಾಗಿ ಒಂದೇ ಒಂದು ಭಾಗ ಮಾಡುವುದೂ ಸಾಧ್ಯವಾಯಿತು. ಆದರೆ ಎಂಜಿನ್ನು, ಗೇರು, ಬ್ರೇಕು ಮಾತ್ರ ಎಲ್ಲರ ಕಾರಿನಲ್ಲಿರುವಂಥವೇ.

"ಇದೆಲ್ಲ ತೃಷ್ಣೆ, ಬಿಟ್ಟುಬಿಡಿ" ಎಂದು ಹೇಳುವುದು ಸುಲಭ. ನಾವು ಹಾಗೆ ಹೇಳುವ ಮುನ್ನ ಬಾಬಾಸಾಹೇಬರ ಬದುಕನ್ನು ನೆನೆಯಬೇಕು. 1901ರಲ್ಲಿ ಮಸೂರು ರೈಲು ನಿಲ್ದಾಣದಲ್ಲಿ ಇಳಿದ ಬಾಲಕ ಭೀಮರಾವ್ ಮತ್ತು ಜೊತೆಯ ಮಕ್ಕಳು ಮಹಾರರೆಂದು ತಿಳಿದ ಕೂಡಲೇ ಯಾರೂ ಬಂಡಿ ಕೊಡಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಮಕ್ಕಳೇ ಬಂಡಿ ಹೊಡೆಯಬೇಕಾಯಿತು. 1929ರಲ್ಲಿ, ಬ್ಯಾರಿಸ್ಟರ್ ಆದ ಮೇಲೂ, ಚಾಳೀಸಗಾಂವ್‌ನಲ್ಲಿ ಟಾಂಗಾದವನು ಅವರನ್ನು ಕೂರಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಅಭ್ಯಾಸವಿಲ್ಲದ ನಮ್ಮವರೊಬ್ಬರು ಹೊಡೆದು, ಬಾಬಾಸಾಹೇಬರು ಕೆಳಗೆ ಬಿದ್ದು ಕಾಲು ಮುರಿದುಕೊಂಡರು. ಆದ್ದರಿಂದ ನಮ್ಮ ಮನೆಯ ಮುಂದೆ ಕಾರು ನಿಂತರೆ ಅದರಲ್ಲಿ ಸ್ವಾಭಿಮಾನವೂ ಇದೆ. ಬುದ್ಧರು ಬಡತನವನ್ನು ಭಾಗ್ಯವೆಂದು ಹೊಗಳಲಿಲ್ಲ ಎಂಬುದನ್ನು ಬಾಬಾಸಾಹೇಬರು ತಮ್ಮ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಸ್ಪಷ್ಟಪಡಿಸಿದ್ದಾರೆ.

ಹಾಗಾದರೆ ಎಚ್ಚರ ಎಲ್ಲಿ ಬೇಕು? 'ಮಿಲಿಂದ ಪ್ರಶ್ನೆ'ಯಲ್ಲಿ ಭಂತೆ ನಾಗಸೇನರು ರಾಜ ಮಿಲಿಂದನನ್ನು ಕೇಳುತ್ತಾರೆ: ನೀನು ಬಂದ ರಥ ಯಾವುದು? ಗಾಲಿಯೇ? ಅಚ್ಚೇ? ನೊಗವೇ? ರಾಜ ಎಲ್ಲಕ್ಕೂ ಅಲ್ಲ ಎನ್ನುತ್ತಾನೆ. ಈ ಭಾಗಗಳು ಕೂಡಿದಾಗ ವ್ಯವಹಾರಕ್ಕಾಗಿ ರಥವೆಂಬ ಹೆಸರು. 'ನಾಗಸೇನ' ಎಂಬುದೂ ಹಾಗೆಯೇ ಕರೆಯಲೊಂದು ಹೆಸರು, ಅದರೊಳಗೆ ಬದಲಾಗದ 'ನಾನು' ಇಲ್ಲ. ಬಾಬಾಸಾಹೇಬರು 1950ರಲ್ಲಿ ಔರಂಗಾಬಾದಿನಲ್ಲಿ ಕಟ್ಟಿದ ಕಾಲೇಜಿಗೆ ಮಿಲಿಂದ ಎಂದೂ ಅದರ ಆವರಣಕ್ಕೆ ನಾಗಸೇನವನ ಎಂದೂ ಹೆಸರಿಟ್ಟರು.

ಕಾರಿನ ಪಟ್ಟಿಯ ಮೇಲೆ ಹೆಸರು ಅಚ್ಚಾದ ಮಾತ್ರಕ್ಕೆ 'ನಾನು' ಅಲ್ಲಿ ಬಂದು ಕೂರುವುದಿಲ್ಲ. ಪಟ್ಟಿಯನ್ನು ಬಿಚ್ಚಿ ಇನ್ನೊಂದು ಹಾಕಬಹುದು. ಇಷ್ಟಪಟ್ಟು ಹಾಕಿಸಿಕೊಂಡರೆ ದೋಷವಿಲ್ಲ. ಅದಿಲ್ಲದೆ ನಾನು ಕಡಿಮೆಯವನು, ಅದಿರುವುದರಿಂದ ಪಕ್ಕದವನಿಗಿಂತ ಮೇಲಿನವನು ಎಂದುಕೊಂಡಾಗ ತೃಷ್ಣೆ ಶುರುವಾಗುತ್ತದೆ. ಪರದೆಯ ಮೇಲೆ ಬರುವ ಮುಂದಿನ ವಿನ್ಯಾಸ ಅದನ್ನು ಇನ್ನಷ್ಟು ಬೆಳೆಸುತ್ತದೆ.

ಇದು ನಮಗೆ ಬರೀ ಕಾರಿನ ಮಾತಲ್ಲ. ಜಾತಿಯೂ ಮನುಷ್ಯನ ಮೇಲೆ ಅಂಟಿಸಿದ ಹೆಸರೇ. ಮಸೂರಿನ ಬಂಡಿಯವರು ಮಕ್ಕಳನ್ನು ನೋಡಲಿಲ್ಲ, ಹೆಸರನ್ನು ನೋಡಿದರು. ಇಂದು ಕಾರಿನ ಹಿಂಗಾಜಿನ ಮೇಲೆ ಜಾತಿಯ ಹೆಸರು ಬರೆಸಿ ಮೆರೆಯುವವರೂ ಆ ಹೆಸರನ್ನೇ ತಾವೆಂದು ನಂಬಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮಗೆ ಆ ಪಟ್ಟಿಯನ್ನು ಕಳಚಲು ಕಲಿಸಿದರು. ಕಳಚಿದ ಜಾಗದಲ್ಲಿ ಹಣದ ಮೇಲು–ಕೀಳನ್ನು ನಾವೇ ಅಂಟಿಸಿಕೊಳ್ಳಬಾರದು.

ಇಂದಿನ ಅಭ್ಯಾಸ: ಏನನ್ನಾದರೂ 'ನನ್ನದು' ಎನ್ನುವಾಗ ಒಂದು ಕ್ಷಣ ನಿಂತು ನೋಡೋಣ. ಇದು ಉಪಯೋಗಕ್ಕೋ, ಇನ್ನೊಬ್ಬರಿಗೆ ತೋರಿಸುವುದಕ್ಕೋ? ಗಾಡಿ ಇರುವವರು ಈ ವಾರ ಆಸ್ಪತ್ರೆಗೋ ಪರೀಕ್ಷೆಗೋ ಹೋಗಬೇಕಾದ ಒಬ್ಬರನ್ನು, ಯಾರೆಂದು ಕೇಳದೆ, ಕೂರಿಸಿಕೊಂಡು ಹೋಗೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.